ಎರಡು ದಿನದ ರಜೆಯಲ್ಲಿ ಸರ್ಕಾರಿ ಕಚೇರಿ ಸ್ಥಳಾಂತರ: ಒಂದೇ ಸಲವೋ, ಹಂತ ಹಂತವಾಗಿಯೋ?

ಕಚೇರಿ ಸಾಗಿಸುವ ಹೊಣೆ ನಿಮ್ಮ ತಲೆಗೆ ಬಿದ್ದಿದೆ, ಶನಿವಾರ-ಭಾನುವಾರದಲ್ಲೇ ಮುಗಿಯಬೇಕು, ಒಂದೇ ಸಲ ಸಾಗಿಸುವುದೋ ಹಂತ ಹಂತವಾಗಿಯೋ ಅಂತ ಕೇಳಿದ್ದೀರಿ. ಆರು ವರ್ಷದ ಹಿಂದೆ ನಾನೂ ಇದೇ ಲೆಕ್ಕ ಹಾಕುತ್ತಾ ಕೂತಿದ್ದೆ.

ನಮ್ಮದು ನಾಲ್ಕು ಶಾಖೆಗಳ ಕಚೇರಿ. ಲಾರಿ, ಆಳುಗಳು, ಮೇಜು-ಕುರ್ಚಿ ಎಲ್ಲಿ ಬರಬೇಕು ಅನ್ನುವ ನಕ್ಷೆ, ಎಲ್ಲ ಸಿದ್ಧ ಮಾಡಿಕೊಂಡಿದ್ದೆ. ಕಡತಗಳನ್ನು 340 ರಟ್ಟಿನ ಪೆಟ್ಟಿಗೆಗಳಿಗೆ ತುಂಬಿಸಿ, ಪ್ರತಿಯೊಂದರ ಮೇಲೂ ಶಾಖೆಯ ಹೆಸರು, ನಂಬರು ಬರೆಸಿದೆ. ಬರೆಸಿದ್ದು ಮುಚ್ಚಳದ ಮೇಲೆ.

ನಾನು ಮಾಡಿದ ತಪ್ಪು ಇದೇ. ಬಿಡಿಸಿ ಹೇಳುತ್ತೇನೆ, ಯಾಕೆಂದರೆ ಮಾಡುವಾಗ ಇದು ತಪ್ಪು ಅಂತ ಅನ್ನಿಸುವುದೇ ಇಲ್ಲ. ಪೆಟ್ಟಿಗೆಗಳನ್ನು ಒಂದರ ಮೇಲೊಂದು ಪೇರಿಸಿದಾಗ ಮೇಲಿನದರ ಮುಚ್ಚಳ ಮಾತ್ರ ಕಾಣುತ್ತದೆ. ಕೆಳಗಿನ ನಾಲ್ಕು ಯಾವುವು ಅಂತ ಗೊತ್ತಾಗಬೇಕಾದರೆ ಎಲ್ಲ ಇಳಿಸಬೇಕು. ಅದಕ್ಕಿಂತ ದೊಡ್ಡ ತೊಂದರೆ, ಎಲ್ಲವೂ ಒಂದೇ ಅಳತೆಯವು. ಯಾವ ಮುಚ್ಚಳವೂ ಯಾವ ಪೆಟ್ಟಿಗೆಗೂ ಕೂರುತ್ತದೆ. ಭಾನುವಾರ ಸಂಜೆ ಇಳಿಸುವಾಗ ಮಳೆ ಹನಿಯಿತು. ಒಳಗೆ ನೀರು ಇಳಿದಿದೆಯಾ ಅಂತ ಹುಡುಗರು ಮುಚ್ಚಳ ತೆಗೆದು ನೋಡಿದರು, ಕೈಗೆ ಸಿಕ್ಕಿದ್ದನ್ನು ಮತ್ತೆ ಮುಚ್ಚಿದರು. ಅವರದೇನೂ ತಪ್ಪಿಲ್ಲ. ಒದ್ದೆ ಕಾಗದವನ್ನು ಎರಡು ದಿನ ಹಾಗೇ ಬಿಟ್ಟರೆ ಬೂಷ್ಟು ಹಿಡಿಯಲು ಶುರುವಾಗುತ್ತದೆ, ನೋಡಲೇಬೇಕಿತ್ತು. ಯಾವ ಪೆಟ್ಟಿಗೆಯಲ್ಲಿ ಯಾವ ಕಡತ ಅನ್ನುವ ಪಟ್ಟಿ ನನ್ನ ಹತ್ತಿರ ಇತ್ತು. ಆದರೆ ನಂಬರೇ ಅದಲುಬದಲಾದ ಮೇಲೆ ಪಟ್ಟಿ ಇಟ್ಟುಕೊಂಡು ಏನು ಮಾಡುವುದು?

ಸೋಮವಾರ ಬೆಳಿಗ್ಗೆ ವಯಸ್ಸಾದ ಅಮ್ಮ ಒಬ್ಬರು ಬಂದರು. ಮೊದಲು ಹಳೇ ಕಟ್ಟಡಕ್ಕೆ ಹೋಗಿ, ಬೀಗ ನೋಡಿ, ಯಾರನ್ನೋ ಕೇಳಿಕೊಂಡು ಬಂದಿದ್ದರು. ಅವರ ಕುಟುಂಬ ಪಿಂಚಣಿಯ ಕಡತ ಸಹಿಯ ಹಂತದಲ್ಲಿತ್ತು. "ಸಹಿ ಒಂದೇ ಬಾಕಿ ಅಂದಿದ್ರಲ್ಲ ಸಾರ್" ಅಂದರು. ಪಿಂಚಣಿ 12 ಅಂತ ಬರೆದಿದ್ದ ಪೆಟ್ಟಿಗೆ ತೆರೆದರೆ ಒಳಗೆ ಹಳೇ ಹಾಜರಿ ಪುಸ್ತಕಗಳು. ಆ ಕಡತ ಸಿಗಲು 19 ದಿನ ಬೇಕಾಯಿತು. ಅಷ್ಟರಲ್ಲಿ ಅವರು ನಾಲ್ಕು ಸಲ ಬಂದು ಹೋದರು. ಪ್ರತಿ ಸಲವೂ ನಾನೇ ಎದುರಿಗೆ ಕೂತು "ಹುಡುಕ್ತಾ ಇದ್ದೀವಿ" ಅನ್ನಬೇಕಾಯಿತು.

ಹಾಗಾಗಿ ಒಂದೇ ಸಲವೋ ಹಂತ ಹಂತವಾಗಿಯೋ ಅನ್ನುವುದು ನನ್ನ ಪ್ರಕಾರ ಪ್ರಶ್ನೆಯೇ ಅಲ್ಲ. ಹೇಗೆ ಸಾಗಿಸಿದರೂ ನಡೆಯುತ್ತದೆ. ಯಾವ ಕಡತ ಲಾರಿ ಹತ್ತಲೇಬಾರದು ಅನ್ನುವುದನ್ನು ಮೊದಲು ತೀರ್ಮಾನ ಮಾಡಿ. ಚಾಲ್ತಿಯಲ್ಲಿರುವ ಕಡತಗಳು, ಗಡುವು ಇರುವಂಥವು, ಕೋರ್ಟಿನವು, ಇವನ್ನೆಲ್ಲ ಆಯಾ ಗುಮಾಸ್ತರೇ ರಿಜಿಸ್ಟರಿನಲ್ಲಿ ಸಹಿ ಹಾಕಿ ತಮ್ಮ ಜೊತೆ ಒಯ್ಯಲಿ. ಹಳೇ ಕಚೇರಿಯಿಂದ ಕೊನೆಗೆ ಹೊರಡಲಿ, ಹೊಸದರಲ್ಲಿ ಮೊದಲು ಬೀರು ಸೇರಲಿ. ಮಿಕ್ಕವಕ್ಕೆ ಪೆಟ್ಟಿಗೆಯ ಎರಡು ಪಕ್ಕದಲ್ಲಿ ಬರೆಸಿ. ಮುಚ್ಚಳದ ಮೇಲೆ ಏನನ್ನೂ ಬರೆಸಬೇಡಿ.

ಎರಡು ದಿನದಲ್ಲಿ ಮುಗಿಸುತ್ತೇನೆ ಅಂತ ಮೇಲಿನವರಿಗೆ ಮಾತು ಕೊಡಬೇಡಿ. ಸಾಗಿಸುವುದು ಎರಡು ದಿನ, ಸರಿ. ಆದರೆ ಇಟ್ಟುಕೊಳ್ಳಬೇಕಾದ ಅವಧಿ ಮುಗಿದ ಕಡತಗಳನ್ನು ಅನುಮತಿ ಪಡೆದು ವಿಲೇವಾರಿ ಮಾಡಲು ತಿಂಗಳುಗಳೇ ಬೇಕು. ಅದನ್ನು ಇವತ್ತೇ ಶುರು ಮಾಡಿ. ರೆಕಾರ್ಡ್ ರೂಮ್ ಯಾವ ಮಹಡಿಯಲ್ಲಿ ಅಂತ ಎಂಜಿನಿಯರನ್ನು ಕೇಳದೆ ತೀರ್ಮಾನಿಸಬೇಡಿ. 500 ಹಾಳೆಯ ಒಂದು ಎ4 ಕಟ್ಟೇ ಸುಮಾರು ಎರಡೂವರೆ ಕಿಲೋ ತೂಗುತ್ತದೆ, ಗೋಡೆಯುದ್ದಕ್ಕೂ ರ್‍ಯಾಕ್ ತುಂಬಿದರೆ ಎಷ್ಟಾಗುತ್ತದೆ ಅಂತ ಲೆಕ್ಕ ಹಾಕಿ. ಇಂಟರ್ನೆಟ್ ಲೈನೂ ಅಷ್ಟೇ, ಹೊಸ ಜಾಗದಲ್ಲಿ ಓಡುವುದನ್ನು ಕಣ್ಣಾರೆ ನೋಡಿದ ಮೇಲೆಯೇ ಹಳೆಯದನ್ನು ತೆಗೆಸಿ.

ಮತ್ತೆ, ಹಳೇ ಕಟ್ಟಡದ ಬಾಗಿಲಲ್ಲಿ ಒಂದು ತಿಂಗಳಾದರೂ ಒಬ್ಬರನ್ನು ಕೂರಿಸಿ. ಸುಮ್ನೆ ನೋಟಿಸ್ ಅಂಟಿಸಿ ಬಂದರೆ, ಓದಲು ಬಾರದವರು ಯಾರನ್ನು ಕೇಳಬೇಕು?