ಮ್ಯೂನಿಕ್‌ನಲ್ಲಿ ಒಳ್ಳೆ ಪಿಜ್ಜಾ ಸಿಗಲ್ಲ ಅನ್ನೋರಿಗೆ: ಮೊದಲು ಡೆಲಿವರಿ ಬಿಡಿ

"ಮೂರು ತಿಂಗಳಲ್ಲಿ ಆರು ಅಂಗಡಿ ಬದಲಾಯಿಸಿದೆ, ಎಲ್ಲಾ ಕಡೆ ಪಿಜ್ಜಾ ನಡುವೆ ಹಸಿಹಸಿ, ತಳ ಒದ್ದೆ, ಈ ಊರಲ್ಲಿ ಯಾರಿಗೂ ಬೇಯಿಸೋಕೆ ಬರಲ್ಲ" ಅಂತ ನೀವು ನಮ್ಮ ಈ ಗುಂಪಲ್ಲಿ ಬರೆದಿದ್ದೀರಿ. ನೀವು ಹಾಕಿರೋ ಫೋಟೋ ದೊಡ್ಡದು ಮಾಡಿ ನೋಡಿದೆ. ಅಂಚು ಉಬ್ಬಿದೆ, ಮೇಲೆ ಚಿರತೆ ಮೈ ಥರ ಕಪ್ಪು ಚುಕ್ಕೆ ಇದೆ. ಅದು ಅಪ್ಪಟ ನೇಪಲ್ಸ್ ಪಿಜ್ಜಾ ರೀ. ಬೇಯಿಸಿದವರದ್ದೇನೂ ತಪ್ಪಿಲ್ಲ. ಅದನ್ನ ಡಬ್ಬಿಗೆ ಹಾಕಿಸಿ ಮುಕ್ಕಾಲು ಗಂಟೆ ಊರು ಸುತ್ತಿಸಿ ತರಿಸಿಕೊಂಡಿದ್ದು ತಪ್ಪು. ಇದೇ ತಪ್ಪನ್ನ ನಾನು ಎರಡು ವರ್ಷ ಮಾಡಿದ್ದೀನಿ, ಅದಕ್ಕೇ ಇಷ್ಟುದ್ದ ಬರೀತಿದ್ದೀನಿ.

ನೇಪಲ್ಸ್ ಪಿಜ್ಜಾ ಬೇಯೋದು 485 ಡಿಗ್ರಿ ಆಸುಪಾಸಿನ ಒಲೆಯಲ್ಲಿ, 60ರಿಂದ 90 ಸೆಕೆಂಡ್ ಅಷ್ಟೇ. ಅಷ್ಟರಲ್ಲಿ ಹಿಟ್ಟಿನೊಳಗಿನ ನೀರು ಆರಲ್ಲ, ಆರಬಾರದು ಕೂಡ. ನಡುಭಾಗ ಮೆತ್ತಗೆ, ಮಡಚಿ ತಿನ್ನೋ ಹಾಗೆ ಇರೋದೇ ಅದರ ಗುಣ. 2010ರಲ್ಲಿ ಯುರೋಪಿಯನ್ ಯೂನಿಯನ್ ಇದನ್ನ ಸಾಂಪ್ರದಾಯಿಕ ತಿನಿಸು ಅಂತ ನೋಂದಾಯಿಸಿದಾಗ, ಒಲೆಯಿಂದ ತೆಗೆದ ಕೂಡಲೇ, ಮಾಡಿದ ಜಾಗದಲ್ಲೇ ತಿಂದ್ರೆ ಒಳ್ಳೇದು ಅಂತ ನಿಯಮದಲ್ಲೇ ಬರೆದಿದ್ದಾರೆ. ನಾನು ದಾವಣಗೆರೆಯವನು, ನಮಗೆ ಇದು ಗೊತ್ತಿರಬೇಕಾಗಿತ್ತು. ಬೆಣ್ಣೆ ದೋಸೆನ ಪಾರ್ಸೆಲ್ ಕಟ್ಟಿಸಿಕೊಂಡು ಹರಿಹರಕ್ಕೆ ಒಯ್ದು, ಬಿಚ್ಚಿ, ಗರಿಗರಿ ಇಲ್ಲ ಅಂತ ಹೋಟೆಲ್‌ನವರನ್ನ ಬೈತೀವಾ?

ನಾನು ಬೈದಿದ್ದೆ. 2018ರ ನವೆಂಬರ್, ಅಪ್ಪ ಅಮ್ಮ ಮೊದಲ ಸಲ ಇಲ್ಲಿಗೆ ಬಂದಿದ್ರು. ಮ್ಯೂನಿಕ್ ಇರೋದು ಜರ್ಮನಿಯಲ್ಲಾದ್ರೂ ಅದನ್ನ ಇಟಲಿಯ ಉತ್ತರದ ತುತ್ತತುದಿಯ ಊರು ಅಂತ ಇಲ್ಲಿನವರೇ ಕರೀತಾರೆ ಅಂತ ಅಮ್ಮನಿಗೆ ಹೇಳಿ ಆಸೆ ಹುಟ್ಟಿಸಿದ್ದೆ. ಆ್ಯಪ್‌ನಲ್ಲಿ ಒಳ್ಳೆ ಅಂಕ ಇದ್ದ ಅಂಗಡಿಯಿಂದ ನಾಲ್ಕು ಮಾರ್ಗರಿಟಾ ಹೇಳಿದೆ. ಎರಡಕ್ಕೆ ಎಮ್ಮೆ ಹಾಲಿನ ಮೊಝರೆಲ್ಲಾ ಚೀಸ್, ಎಕ್ಸ್‌ಟ್ರಾ ದುಡ್ಡು ಕೊಟ್ಟು. ಐವತ್ತು ನಿಮಿಷ ಆಯ್ತು. ಮುಚ್ಚಳ ತೆಗೆದ್ರೆ ಅದರ ಒಳಮೈಯಿಂದ ನೀರು ತೊಟ್ಟಿಕ್ತಿದೆ, ಚೀಸ್ ಎಲ್ಲಾ ಒಂದು ಕಡೆ ಸರಿದು ಗಡ್ಡೆ ಕಟ್ಟಿದೆ. ಅಮ್ಮ ಒಂದು ತುಂಡು ಎತ್ತಿದ್ರೆ ಜೊತೆಗೆ ರಟ್ಟಿನ ಪದರವೇ ಕಿತ್ತು ಬಂತು. ಅವರು ಏನೂ ಅನ್ನದೆ ಉಗುರಲ್ಲಿ ಆ ಕಾಗದ ಬಿಡಿಸ್ತಾ ಕೂತಿದ್ದು ಇವತ್ತಿಗೂ ಕಣ್ಣಿಗೆ ಕಟ್ಟಿದ ಹಾಗಿದೆ. ಅಪ್ಪ ಮೊಸರನ್ನ ಉಂಡು ಮಲಗಿದ್ರು. ನಾನು ಆ ರಾತ್ರಿಯೇ ಅಂಗಡಿಗೆ ಒಂದು ಸ್ಟಾರ್ ಕೊಟ್ಟು ಬಾಯಿಗೆ ಬಂದ ಹಾಗೆ ಬರೆದೆ.

ನಾಲ್ಕು ತಿಂಗಳಾದ ಮೇಲೆ ಸಹೋದ್ಯೋಗಿಗಳ ಜೊತೆ ಅದೇ ಅಂಗಡಿಗೆ ಹೋಗಬೇಕಾಯ್ತು. ಕೂತು ತಿಂದೆ. ಈ ಊರಲ್ಲಿ ಅಷ್ಟು ಚೆನ್ನಾಗಿರೋದನ್ನ ಅದುವರೆಗೂ ತಿಂದಿರಲಿಲ್ಲ. ಮನೆಗೆ ಬಂದು ಆ ರಿವ್ಯೂ ಅಳಿಸಿದೆ, ಆದ್ರೆ ನಾಲ್ಕು ತಿಂಗಳು ಎಷ್ಟು ಜನ ಅದನ್ನ ಓದಿರ್ತಾರೋ. ನೀವೂ ಆರು ಅಂಗಡಿಗೆ ಬರೆದಿದ್ರೆ ದಯವಿಟ್ಟು ಇನ್ನೊಮ್ಮೆ ಯೋಚನೆ ಮಾಡಿ.

ಈಗ ನನಗೆ ಫಲ ಕೊಟ್ಟಿದ್ದು ಹೇಳ್ತೀನಿ. ನಡೆದು ಹತ್ತು ನಿಮಿಷದೊಳಗಿನ ಅಂಗಡಿ, ನಾವೇ ಹೋಗಿ ತರೋದು. ಜೆಲ್ಬ್‌ಸ್ಟ್‌ಆಪ್‌ಹೋಲರ್, ಅಂದ್ರೆ ನಾನೇ ಬಂದು ಒಯ್ತೀನಿ ಅಂತ ಹೇಳಿದ್ರೆ ಎಷ್ಟೋ ಕಡೆ ರೇಟೂ ಕಡಿಮೆ ಮಾಡ್ತಾರೆ. ಫೋನ್ ಮಾಡುವಾಗಲೇ "ಉನ್‌ಗೆಶ್ನಿಟ್ಟೆನ್, ಬಿಟ್ಟೆ" ಅನ್ನಿ, ಕತ್ತರಿಸಬೇಡಿ ಅಂತ. ಕತ್ತರಿಸಿದ ಗೀಟಲ್ಲೇ ಟೊಮೆಟೊ ರಸ ಇಳಿದು ರಟ್ಟು ನೆನೆಯೋದು. ಎಮ್ಮೆ ಹಾಲಿನ ಮೊಝರೆಲ್ಲಾ ಪಾರ್ಸೆಲ್‌ಗೆ ಬೇಡವೇ ಬೇಡ, ತುಂಬಾ ನೀರು ಬಿಡುತ್ತೆ, ಹಸು ಹಾಲಿನ ಫಿಯೋರ್ ದಿ ಲಾತೆ ಚೀಸ್ ಸಾಕು. ರುಕೋಲಾ ಸೊಪ್ಪು ಮನೇಲೇ ಹಾಕ್ಕೊಳ್ಳಿ. ಡಬ್ಬಿ ಕೈಗೆ ಬಂದ ತಕ್ಷಣ ಮುಚ್ಚಳ ಎರಡು ಬೆರಳು ತೆರೆದಿಡಿ, ಆವಿ ಹೋಗಲಿ. ತಣ್ಣಗಾಗುತ್ತೆ ಅಂತ ಹೆದರಬೇಡಿ, ತಣ್ಣಗಾದ ಪಿಜ್ಜಾ ಬಿಸಿ ಮಾಡಬಹುದು, ನೆಂದಿದ್ದನ್ನ ಒಣಗಿಸೋದು ಬಹಳ ಕಷ್ಟ. ಕಾರಲ್ಲಿ ಸೀಟಿನ ಮೇಲೆ ಇಡಬೇಡಿ, ಇಳಿಜಾರಿರುತ್ತೆ, ಕಾಲಿನ ಹತ್ತಿರ ಸಮತಟ್ಟಾಗಿ ಇಡಿ.

ಮನೇಲಿ ದೋಸೆ ಹಂಚು ಇದೆಯಲ್ಲ, ಕಬ್ಬಿಣದ್ದು, ಅದನ್ನ ಹೊರಡೋ ಮುಂಚೆಯೇ ಒಲೆ ಮೇಲೆ ತೆಗೆದಿಟ್ಟು ಹೋಗಿ. ಬಂದ ಮೇಲೆ ಮಧ್ಯಮ ಉರಿ, ಎಣ್ಣೆ ಬೇಡ. ಪಿಜ್ಜಾ ಅರ್ಧ ಮಾಡಿ ಒಂದೊಂದೇ ಭಾಗ ಹಾಕಿ, ಎರಡು ನಿಮಿಷ ಮುಚ್ಚಬೇಡಿ. ತಳ ಮುಟ್ಟಿದ್ರೆ ಟಕ್ ಅನ್ನಬೇಕು. ಆಮೇಲೆ ಹಂಚಿನ ಅಂಚಿಗೆ ನಾಲ್ಕೇ ಹನಿ ನೀರು, ಪಿಜ್ಜಾಗೆ ತಾಗದ ಹಾಗೆ, ತಟ್ಟೆ ಮುಚ್ಚಿ ಅರ್ಧ ನಿಮಿಷ. ಚೀಸ್ ಮತ್ತೆ ಹೊಳೆಯುತ್ತೆ. ಇಂಡಕ್ಷನ್ ಆದ್ರೆ 9ಕ್ಕೆ ಏರಿಸಬೇಡಿ, ನಡುವೆ ಸುಟ್ಟು ಅಂಚು ತಣ್ಣಗಿರುತ್ತೆ, 5ರಲ್ಲಿ ನಿಧಾನಕ್ಕೆ ಕಾಯಿಸಿ. ಟೊಮೆಟೊ ಹಂಚಿಗೆ ಚೆಲ್ಲಿದ್ರೆ ತಕ್ಷಣ ಒರೆಸಿ, ಹುಳಿಗೆ ಪಳಗಿದ ಮೈ ಹೋಗುತ್ತೆ, ಮಾರನೇ ದಿನ ದೋಸೆ ಏಳಲ್ಲ. ನಾನ್‌ಸ್ಟಿಕ್ ಇದ್ರೂ ನಡೆಯುತ್ತೆ, ಖಾಲಿ ಕಾಯಿಸಬೇಡಿ ಅಷ್ಟೇ. ಮೈಕ್ರೋವೇವ್ ಮಾತ್ರ ಬೇಡ, ರಬ್ಬರ್ ಆಗುತ್ತೆ. ಡಬ್ಬಿ ಸಮೇತ ಓವನ್‌ಗೆ ಇಡೋರಿದ್ದಾರೆ, ಅದು ಅಪಾಯ ಕಣ್ರೀ, ಮನೇಲಿ ಮಕ್ಕಳಿರ್ತಾರೆ.

ಡೆಲಿವರಿಯೇ ಆಗಬೇಕು, ಹೊರಗೆ ಹಿಮ ಬೀಳ್ತಿದೆ ಅಂದ್ರೆ ಪಿಜ್ಜಾ ಜಾತಿ ಬದಲಾಯಿಸಿ. ರೋಮ್ ಕಡೆಯದು ತೆಳ್ಳಗೆ ಲಟ್ಟಿಸಿ, ಕಡಿಮೆ ಶಾಖದಲ್ಲಿ ಹೆಚ್ಚು ಹೊತ್ತು ಬೇಯಿಸಿದ್ದು, ದಾರಿ ತಡೆಯುತ್ತೆ. ಅಲ್‌ ತಾಲ್ಯೊ ಸಿಕ್ಕರೆ ಇನ್ನೂ ಒಳ್ಳೇದು, ಆಯತದ ತಟ್ಟೆಯಲ್ಲಿ ಬೇಯಿಸಿ, ಕತ್ತರಿಯಲ್ಲಿ ಕತ್ತರಿಸಿ ತೂಕಕ್ಕೆ ಮಾರೋದು, ಅದು ಹುಟ್ಟಿದ್ದೇ ಪಾರ್ಸೆಲ್‌ಗೆ. ಪಿನ್ಸಾ ಅನ್ನೋ ಪಿಜ್ಜಾ ಥರದ್ದು ಕೂಡ ಗಟ್ಟಿ ಆಳು. ಎರಡು ಸಾವಿರ ವರ್ಷ ಹಳೇದು ಅಂತ ಮೆನುವಲ್ಲಿ ಬರೆದಿರೋದನ್ನ ನಂಬಬೇಡಿ, ಈಗಿನ ಪಿನ್ಸಾ 2001ರಲ್ಲಿ ರೋಮ್‌ನ ಕೊರಾಡೊ ದಿ ಮಾರ್ಕೊ ಮಾಡಿದ್ದು, ಗೋಧಿ ಜೊತೆ ಅಕ್ಕಿ, ಸೋಯಾ ಹಿಟ್ಟು ಸೇರಿಸಿ. ಲೊಸ್ಟೇರಿಯಾ ಅನ್ನೋ ಚೈನ್ ಹೋಟೆಲ್‌ನ ತಟ್ಟೆ ಮೀರೋ ಪಿಜ್ಜಾ ಬಗ್ಗೆ ಈ ಗುಂಪಲ್ಲಿ ಮೂಗು ಮುರಿಯೋರಿದ್ದಾರೆ, ನನಗೆ ಪಾರ್ಸೆಲ್‌ಗೆ ಅದು ಇಷ್ಟ. ತೆಳ್ಳಗಿದೆ, ಅರ್ಧರ್ಧ ಬೇರೆ ಬೇರೆ ಹಾಕಿಸಬಹುದು. ಸೈಕಲ್ ಬುಟ್ಟಿಯಲ್ಲಿ ಆ ಡಬ್ಬಿ ಹಿಡಿಸಲ್ಲ, ಮೊದಲೇ ಹೇಳಿದೀನಿ. ಪಿಜ್ಜಾ, ಶ್ನಿಟ್ಸೆಲ್, ನೂಡಲ್ಸ್, ಬಟರ್ ಚಿಕನ್ ಸೇರಿ ನೂರಿಪ್ಪತ್ತು ಐಟಂ ಇರೋ ಮೆನು ಕಂಡ್ರೆ ಬಿಟ್ಟುಬಿಡಿ, ಅಲ್ಲಿ ಹಿಟ್ಟಿನ ಮೇಲೆ ಯಾರ ಗಮನವೂ ಇರಲ್ಲ. ಲೀಫರಾಂಡೋ, ವೋಲ್ಟ್ ಎರಡೂ ಡೆಲಿವರಿ ಆ್ಯಪ್‌ಗಳನ್ನ ನಾನು ಅಂಗಡಿ ಹುಡುಕೋಕೆ ಮಾತ್ರ ಬಳಸ್ತೀನಿ, ಆರ್ಡರ್ ಮಾತ್ರ ಫೋನಲ್ಲಿ.

ಸಸ್ಯಾಹಾರಿಗಳು ಇದೊಂದು ಗಮನಿಸಿ, ಹೊಸಬರು ದಿನಾ ಎಡವ್ತಾರೆ. ಇಲ್ಲಿ ಪೆಪೆರೋನಿ ಅಂದ್ರೆ ಮೆಣಸಿನಕಾಯಿ, ಅಮೆರಿಕದ ಥರ ಮಾಂಸ ಅಲ್ಲ. ಖಾರ ಇರುತ್ತೆ ಅಂತ ಡಿಯಾವೋಲಾ ಹೇಳಬೇಡಿ, ಅದರಲ್ಲಿ ಖಾರದ ಸಲಾಮಿ ಇರುತ್ತೆ. ಟೊನ್ನೊ ಮೀನು. ನಾಪೊಲಿ ಅಂತ ಮೆನುವಲ್ಲಿದ್ರೆ ಅದರಲ್ಲಿ ಸಾರ್ಡೆಲ್ಲೆನ್, ಅದೂ ಮೀನು. ಮರಿನಾರಾ ಅನ್ನೋ ಹೆಸರಿಗೆ ಹೆದರ್ತಾರೆ, ನೇಪಲ್ಸ್ ಮರಿನಾರಾದಲ್ಲಿ ಟೊಮೆಟೊ, ಬೆಳ್ಳುಳ್ಳಿ, ಒರೆಗಾನೊ, ಎಣ್ಣೆ ಬಿಟ್ರೆ ಏನಿಲ್ಲ, ಚೀಸೂ ಇಲ್ಲ. ಪಾರ್ಸೆಲ್‌ಗೂ ಅದೇ ಚೆನ್ನ, ಆದ್ರೂ ಇಲ್ಲಿನ ಅಂಗಡಿಯವರನ್ನ ಏನೇನು ಹಾಕ್ತೀರಿ ಅಂತ ಒಮ್ಮೆ ಕೇಳ್ಕೊಳ್ಳಿ. ಕಟ್ಟುನಿಟ್ಟಿನವರು ಪಾರ್ಮಿಜಾನೊ, ಗ್ರಾನಾ ಪದಾನೊ ಚೀಸ್ ಬೇಡ ಅನ್ನಿ, ಎರಡಕ್ಕೂ ಹಾಲು ಒಡೆಯೋಕೆ ಕರುವಿನ ಹೊಟ್ಟೆಯಿಂದ ತೆಗೆದ ರೆನೆಟ್ ಹಾಕ್ತಾರೆ. ನನ್ನ ಅಪ್ಪನಿಗೆ ಇದು ಗೊತ್ತಾಗಿದ್ರೆ ಆ ಮೊಸರನ್ನವೂ ಇಳೀತಿರಲಿಲ್ಲ.

ನೀವು ಹೇಳಿದ ಆರು ಅಂಗಡಿಗಳಲ್ಲಿ ಫೋಟೋದಲ್ಲಿರೋದಕ್ಕೆ ಮೊದಲು ಹೋಗಿ. ಸೋಮವಾರ ಬೇಡ, ಎಷ್ಟೋ ಕಡೆ ರೂಹೆಟಾಗ್, ಅಂದ್ರೆ ವಾರದ ರಜೆ. ಮಂಗಳವಾರ ಸಂಜೆ 6ಕ್ಕೆ, ಜನ ಸೇರೋ ಮುಂಚೆ, ಒಲೆ ಕಾಣೋ ಮೇಜು ಕೇಳಿ, ಒಂದೇ ಒಂದು ಮಾರ್ಗರಿಟಾ ಹೇಳಿ. ತಟ್ಟೆ ಬಂದ ಮೇಲೆ ಫೋಟೋ ತೆಗೀತಾ ಕೂರಬೇಡಿ, ಮೊದಲು ತಿನ್ನಿ.