ಮನೆಗೆ ಸೈಕಲ್ ರಿಪೇರಿ ಸ್ಟ್ಯಾಂಡ್: ಯಾವುದು ಸಾಕು?

ಚೈನ್ ತೊಳೆಯಲು, ಗೇರ್ ಸೆಟ್ ಮಾಡಲು ಕಡಿಮೆ ಬೆಲೆಯ ಸ್ಟ್ಯಾಂಡ್ ಕೇಳಿದ್ದೀರಿ. ಅಷ್ಟಕ್ಕೇ ಆದರೆ ಹಿಂದಿನ ಚಕ್ರವನ್ನು ನೆಲದಿಂದ ಎತ್ತಿ ಹಿಡಿಯುವ ಸಣ್ಣ ಸ್ಟ್ಯಾಂಡ್ ಸಾಕು. ಆದರೆ ಆಕ್ಸಲ್ (ಚಕ್ರದ ನಡುವಿನ ಅಚ್ಚು) ಹಿಡಿಯುವ ಬಗೆಯದರಲ್ಲಿ ಆ ಚಕ್ರ ಬಿಚ್ಚಲು ಆಗುವುದಿಲ್ಲ, ಬಗ್ಗಿ ಬಗ್ಗಿ ಸೊಂಟವೂ ನೋಯುತ್ತದೆ.

ಮುಂದೆ ಬ್ರೇಕ್ ಕೆಲಸವನ್ನೂ ಕಲಿಯುವ ಆಸೆ ಇದೆ ಅಲ್ವಾ? ಹಾಗಾದರೆ ಸ್ವಲ್ಪ ಜಾಸ್ತಿ ಕೊಟ್ಟು ಕ್ಲ್ಯಾಂಪ್ (ಸೈಕಲನ್ನು ಕಚ್ಚಿ ಹಿಡಿಯುವ ಹಿಡಿ) ಇರುವ, ಮಡಚುವ ಸ್ಟ್ಯಾಂಡೇ ತಗೊಳ್ಳಿ. ಟೂಲ್ ಟ್ರೇ ನೋಡಿ ಸುಮ್ನೆ ಮರುಳಾಗಬೇಡಿ. ಕ್ಲ್ಯಾಂಪಿನ ರಬ್ಬರ್ ದಪ್ಪಗಿರಬೇಕು. ಸೀಟ್ ಪೋಸ್ಟ್ (ಸೀಟಿನ ಕೆಳಗಿನ ಕೊಳವೆ) ಹಿಡಿಸಿ ಪೆಡಲ್ ಜೋರಾಗಿ ತಿರುಗಿಸಿದರೂ ಸೈಕಲ್ ವಾಲಬಾರದು. ಕಾಲುಗಳು ಅಗಲವಾಗಿ ಹರಡಬೇಕು. ಎಷ್ಟು ಕಿಲೋ ತಡೆಯುತ್ತದೆ ಅಂತಲೂ ನೋಡಿ. ಎಲೆಕ್ಟ್ರಿಕ್ ಸೈಕಲ್ 20 ಕಿಲೋ ದಾಟುವುದು ಸಾಮಾನ್ಯ. ಆದರೆ ಫ್ರೇಮಿನ ಕೊಳವೆಗೆ ಕ್ಲ್ಯಾಂಪ್ ಬಿಗಿಯಲೇಬೇಡಿ. ತೆಳು ಅಲ್ಯುಮಿನಿಯಂ ನೆಗ್ಗಬಹುದು, ಕಾರ್ಬನ್ ಬಿರುಕು ಬಿಡಬಹುದು.