ಬಾಡಿಗೆ ಮನೆಯಲ್ಲಿ ಸ್ಟೀರಿಯೊ ಸಾಮಾನು ಇಡಲು ಕಡಿಮೆ ಖರ್ಚಿನ ವ್ಯವಸ್ಥೆ ಯಾವುದು?

ನೀವು ಕಾಸರಗೋಡಿನ ವಿದ್ಯಾನಗರದಲ್ಲಿ ಮುರಕಲ್ಲಿನ (ಜಂಬಿಟ್ಟಿಗೆಯ) ಗೋಡೆಯ ಬಾಡಿಗೆ ಮನೆಯಲ್ಲಿದ್ದೀರಿ. ಒಂದು ಆಂಪ್ಲಿಫೈಯರ್, ಟರ್ನ್‌ಟೇಬಲ್, ಕ್ಯಾಸೆಟ್ ಡೆಕ್, ಸಿ.ಡಿ. ಪ್ಲೇಯರ್, ಎರಡು ಸ್ಪೀಕರ್, ಟರ್ನ್‌ಟೇಬಲ್ಲಿನಲ್ಲಿ ನುಡಿಸುವ ಸುಮಾರು 200 ಎಲ್‌ಪಿ ರೆಕಾರ್ಡು ಮತ್ತು ತಂದೆಯವರು ಕೂಡಿಟ್ಟ ಯಕ್ಷಗಾನ ತಾಳಮದ್ದಳೆಯ ಕ್ಯಾಸೆಟ್ಟುಗಳು ನಿಮ್ಮಲ್ಲಿವೆ. ಎಂಟು ಸಾವಿರ ರೂಪಾಯಿಯೊಳಗೆ ಇವನ್ನೆಲ್ಲ ಅಚ್ಚುಕಟ್ಟಾಗಿ ಇಡಬೇಕು, ಅದಕ್ಕಾಗಿ ಗೋಡೆಗೆ ಹಲಗೆ ಹೊಡೆಸುವುದೋ ಸಿದ್ಧ ಟಿ.ವಿ. ಯೂನಿಟ್ ಕೊಳ್ಳುವುದೋ ಎಂದು ಕೇಳಿದ್ದೀರಿ. ಎರಡೂ ಬೇಡ ಎಂಬುದು ನನ್ನ ಉತ್ತರ. ಅಂಗಡಿಗಳಲ್ಲಿ ಸಾಮಾನು ಜೋಡಿಸಲು ಬಳಸುವ, ಕಾಲಿನುದ್ದಕ್ಕೂ ತೂತುಗಳಿರುವ ಕಬ್ಬಿಣದ ಸ್ಲಾಟೆಡ್ ಆಂಗಲ್ ರ್ಯಾಕನ್ನು ಕೊಂಡು, ಅದರ ಕಾಲುಗಳನ್ನು ಅರ್ಧಕ್ಕೆ ಕತ್ತರಿಸಿ ಎರಡು ಗಿಡ್ಡ ರ್ಯಾಕ್ ಮಾಡಿಕೊಳ್ಳಿ, ಅದರ ಮೇಲೆ ಪ್ಲೈವುಡ್ ಹಾಸಿ. ಬದಿಯಡ್ಕದ ಕಡೆ ನನ್ನ ಮನೆಯಲ್ಲಿ ಇದೇ ವ್ಯವಸ್ಥೆ ಇದೆ. ಎಲ್ಲ ಸೇರಿ ಏಳು ಸಾವಿರದೊಳಗೆ ಮುಗಿದಿತ್ತು. ಆ ಮೇಲೆ ಹಲವು ಮಳೆಗಾಲ ಕಳೆದರೂ ಅದು ಅಲುಗಾಡಿಲ್ಲ.

ಸಿದ್ಧ ಯೂನಿಟ್ ಏಕೆ ಬೇಡ ಎಂಬುದನ್ನು ನಾನು ನಷ್ಟಪಟ್ಟೇ ತಿಳಿದುಕೊಂಡೆ. ಮೊದಲು ಕೊಂಡದ್ದು ಅಂಥದೇ ಒಂದು, ನೋಡಲು ತೇಗದಂತಿತ್ತು. ಒಳಗಿದ್ದದ್ದು ಮರದ ಪುಡಿಯನ್ನು ಅಂಟಿನಲ್ಲಿ ಒತ್ತಿ ಮಾಡಿದ ಪಾರ್ಟಿಕಲ್ ಬೋರ್ಡು. ಮೊದಲ ಮಳೆಗಾಲದಲ್ಲಿ ಅಂಚಿನ ಪಟ್ಟಿ ಎದ್ದಿತು. ಎರಡನೆಯ ಆಟಿ ತಿಂಗಳಿಗೆ (ಜುಲೈ-ಆಗಸ್ಟ್) ಕೆಳಗಿನ ಹಲಗೆ ನೆನೆದ ಬಿಸ್ಕತ್ತಿನಂತೆ ಉಬ್ಬಿ, ಸ್ಕ್ರೂ ಹಿಡಿದಿದ್ದ ಜಾಗ ಪುಡಿಪುಡಿಯಾಯಿತು. ಒಂದು ರಾತ್ರಿ ಎಲ್‌ಪಿಗಳ ಭಾರಕ್ಕೆ ನಡುವಿನ ಹಲಗೆ ಒಂದು ಬದಿಯಲ್ಲಿ ಕಳಚಿ, ಮೇಲಿದ್ದ ಡೆಕ್ ಜಾರಿ ಅದರ ಮುಚ್ಚಳ ಒಡೆಯಿತು. ಒಮ್ಮೆ ಉಬ್ಬಿದ ಈ ಬೋರ್ಡು ಒಣಗಿದ ಮೇಲೆ ಮೊದಲಿನ ಗಟ್ಟಿತನಕ್ಕೆ ಬರುವುದಿಲ್ಲ, ಸ್ಕ್ರೂ ಮತ್ತೆ ಹಿಡಿಯುವುದೂ ಇಲ್ಲ. ಒಣಹವೆಯ ಊರುಗಳಲ್ಲಿ ಅದು ಬಾಳಿಕೆ ಬಂದೀತು. ಜೂನ್‌ನಿಂದ ತಿಂಗಳುಗಟ್ಟಲೆ ಬಟ್ಟೆಯೇ ಒಣಗದ ನಮ್ಮ ಕರಾವಳಿಗೆ ಅದು ಹೇಳಿಮಾಡಿಸಿದ ವಸ್ತುವಲ್ಲ.

ಗೋಡೆಯ ಹಲಗೆಯ ವಿಚಾರಕ್ಕೆ ಬಂದರೆ, ನಮ್ಮ ಮುರಕಲ್ಲಿನ ಗುಣವನ್ನು ಗಮನಿಸಬೇಕು. ಕಲ್ಲುಕೋರೆಯಲ್ಲಿ ಇಟ್ಟಿಗೆಯಂತೆ ಕಡಿದು ತೆಗೆಯುವಷ್ಟು ಮೃದುವಾಗಿದ್ದು, ಗಾಳಿಗೆ ಬಿದ್ದ ಮೇಲೆ ಗಟ್ಟಿಯಾಗುವ ಕಲ್ಲು ಇದು. 1800-01ರ ಪ್ರವಾಸದಲ್ಲಿ ಮಲಬಾರಿನಲ್ಲಿ ಇದನ್ನು ಕಂಡ ಫ್ರಾನ್ಸಿಸ್ ಬುಕಾನನ್, 1807ರಲ್ಲಿ ಪ್ರಕಟವಾದ ತನ್ನ ಪುಸ್ತಕದಲ್ಲಿ ಇಟ್ಟಿಗೆ ಎಂಬರ್ಥದ ಲ್ಯಾಟಿನ್ ಪದದಿಂದ ‘ಲ್ಯಾಟರೈಟ್’ ಎಂದು ಹೆಸರಿಟ್ಟದ್ದೂ ಈ ಕಾರಣಕ್ಕೇ. ಗಟ್ಟಿಯಾದರೂ ಒಳಗೆಲ್ಲ ತೂತು, ಅಲ್ಲಲ್ಲಿ ಜೇಡಿ. ಡ್ರಿಲ್ ಹಾಕಿದರೆ ಕಾಲು ಇಂಚಿನ ತೂತು ಅರ್ಧ ಇಂಚಾಗಿ ಉದುರುತ್ತದೆ, ಅದರಲ್ಲಿ ಪ್ಲಾಸ್ಟಿಕ್ ಪ್ಲಗ್ಗು ನಿಲ್ಲುವುದಿಲ್ಲ. ಕ್ಯಾಲೆಂಡರು, ಗಡಿಯಾರ ತೂಗಬಹುದು. ಹತ್ತು ಹನ್ನೆರಡು ಕಿಲೋದ ಆಂಪ್ಲಿಫೈಯರನ್ನು ಆ ನಂಬಿಕೆಯ ಮೇಲೆ ಇಡಬಾರದು. ಜೊತೆಗೆ ಬಾಡಿಗೆ ಮನೆ, ಬಿಡುವಾಗ ತೂತು ಮುಚ್ಚಿಸುವ ಕೆಲಸ ಬೇರೆ.

ಭಾರದ ಲೆಕ್ಕವನ್ನು ಮೊದಲು ಮನಸ್ಸಿಗೆ ತಂದುಕೊಳ್ಳಿ, ಏಕೆಂದರೆ ಹೆಚ್ಚಿನವರು ಎಡವುವುದು ಇಲ್ಲಿಯೇ. ಯಂತ್ರಗಳಿಗಿಂತ ಎಲ್‌ಪಿಗಳೇ ಭಾರ. ಕವರು ಸಮೇತ ನೂರು ಎಲ್‌ಪಿ ಸುಮಾರು 25 ಕಿಲೋ ತೂಗುತ್ತದೆ, 40 ಸೆಂಟಿಮೀಟರ್ ಜಾಗ ಹಿಡಿಯುತ್ತದೆ. ಎಂದರೆ ಒಂದು ಮೀಟರ್ ಉದ್ದದ ಹಲಗೆಯ ತುಂಬ ಎಲ್‌ಪಿ ನಿಲ್ಲಿಸಿದರೆ ಅದು ಹಗಲೂ ರಾತ್ರಿ ಒಬ್ಬ ಆಳಿನ ಭಾರವನ್ನು ಹೊತ್ತು ನಿಂತಂತೆ. ಹಲಗೆ ಬಾಗುವ ರೀತಿಯೂ ನಾವು ಎಣಿಸಿದಂತಿರುವುದಿಲ್ಲ. ಒಂದೇ ಸಮನೆ ಭಾರ ತುಂಬಿದಾಗ ಎರಡು ಆಧಾರಗಳ ನಡುವಿನ ಅಂತರ ಇಮ್ಮಡಿಯಾದರೆ ಬಾಗು ಹದಿನಾರು ಪಟ್ಟಾಗುತ್ತದೆ. ಹಲಗೆಯ ದಪ್ಪ ಇಮ್ಮಡಿಯಾದರೆ ಬಾಗು ಎಂಟನೆಯ ಒಂದು ಪಾಲಿಗೆ ಇಳಿಯುತ್ತದೆ. ಹಾಗಾಗಿ 12 ಮಿಲಿಮೀಟರಿನ ಬದಲು 18 ಮಿಲಿಮೀಟರಿನ ಪ್ಲೈವುಡ್ ತಂದರೆ ಹಲಗೆಯ ಬಿಗಿ ಮೂರು ಪಟ್ಟಿಗೂ ಹೆಚ್ಚಾಗುತ್ತದೆ, ಹಣ ಅಷ್ಟು ಪಟ್ಟು ಹೆಚ್ಚುವುದಿಲ್ಲ. ಖರ್ಚು ಉಳಿಸಬೇಕಾದದ್ದು ಪಾಲಿಶಿನಲ್ಲಿ, ಗಾಜಿನ ಬಾಗಿಲಿನಲ್ಲಿ, ದಪ್ಪದಲ್ಲಿ ಅಲ್ಲ.

ಈಗ ಕೊಳ್ಳಬೇಕಾದದ್ದು. ಆರು ಅಡಿಯ ನಾಲ್ಕು ಸ್ಲಾಟೆಡ್ ಆಂಗಲ್ ಕಾಲುಗಳು, ಮೂರು ಅಡಿ ಉದ್ದ, ಹದಿನೆಂಟು ಇಂಚು ಆಳದ ಆರು ತಗಡಿನ ತಟ್ಟೆಗಳು, ಮೂಲೆಗೆ ಹಾಕುವ ತ್ರಿಕೋನದ ಪಟ್ಟಿಗಳು ಮತ್ತು ಬೋಲ್ಟುಗಳು. ಹದಿನೈದು ಇಂಚಿನ ತಟ್ಟೆ ಅಗ್ಗಕ್ಕೆ ಸಿಗುತ್ತದೆ, ಅದನ್ನು ತರಬೇಡಿ. ಎಲ್‌ಪಿಯ ಕವರು ಹನ್ನೆರಡೂವರೆ ಇಂಚು, ಅದು ಹಿಡಿಸುತ್ತದೆ ನಿಜ. ಆದರೆ ಆಂಪ್ಲಿಫೈಯರ್ ಒಂದರ ಆಳವೇ ಹದಿನಾಲ್ಕು ಹದಿನೈದು ಇಂಚಿರುತ್ತದೆ, ಹಿಂದೆ ವಯರು ಬಾಗಲು ಜಾಗ ಬೇಡವೇ? ತಗಡಿನ ಗೇಜು ಕೇಳುವಾಗ ಸಂಖ್ಯೆ ಹೆಚ್ಚಿದಷ್ಟೂ ತಗಡು ತೆಳು ಎಂಬುದು ನೆನಪಿರಲಿ. 22ಕ್ಕಿಂತ 20 ಗೇಜು ಗಟ್ಟಿ. ಪೌಡರ್ ಕೋಟಿಂಗ್ ಆಗಿರುವುದನ್ನೇ ಆರಿಸಿ, ಕಡಲ ಗಾಳಿಗೆ ಬರೀ ಪೇಂಟು ಬಹಳ ಕಾಲ ನಿಲ್ಲುವುದಿಲ್ಲ. ಮುಚ್ಚಿದ ಅಂಗಡಿಗಳ ಹಳೆಯ ರ್ಯಾಕುಗಳು ಗುಜರಿಯಲ್ಲಿ ಅರ್ಧ ಬೆಲೆಗೆ ಸಿಕ್ಕುವುದೂ ಉಂಟು. ಕಾಲಿನ ಬುಡದ ನಾಲ್ಕು ಬೆರಳು ಭಾಗವನ್ನು ಚೆನ್ನಾಗಿ ನೋಡಿ, ಅಲ್ಲಿ ತುಕ್ಕು ತಿಂದಿರದಿದ್ದರೆ ಧೈರ್ಯವಾಗಿ ತನ್ನಿ.

ಕಾಲುಗಳನ್ನು ಅಂಗಡಿಯಲ್ಲಿಯೇ ಅರ್ಧಕ್ಕೆ ಕತ್ತರಿಸಿಕೊಡಲು ಹೇಳಿ, ಕತ್ತರಿಸಿದ ಬಾಯಿಗೆ ತುಕ್ಕು ತಡೆಯುವ ರೆಡ್ ಆಕ್ಸೈಡ್ ಬಳಿಯಿರಿ. ಆಗ ಮೂರು ಅಡಿ ಎತ್ತರದ ಎರಡು ರ್ಯಾಕುಗಳಾಗುತ್ತವೆ, ಒಂದೊಂದಕ್ಕೆ ಮೂರು ತಟ್ಟೆ. ಆರು ಅಡಿಯ ರ್ಯಾಕಿನ ಮೇಲ್ತುದಿ ಬೆರಳಲ್ಲಿ ತಳ್ಳಿದರೂ ತೂಗುತ್ತದೆ, ಅಲ್ಲಿ ಟರ್ನ್‌ಟೇಬಲ್ ಇಟ್ಟರೆ ಮುಳ್ಳು ನೆಗೆಯುತ್ತದೆ. ಗಿಡ್ಡ ರ್ಯಾಕಿನ ಬುಡದಲ್ಲಿ ಎಲ್‌ಪಿಗಳ ಭಾರ ಕುಳಿತರೆ ಅದು ನೆಲಕ್ಕೆ ಅಂಟಿದಂತೆ ನಿಲ್ಲುತ್ತದೆ. ಕೆಳಗಿನ ತಟ್ಟೆ ನೆಲದಿಂದ ಮೂರು ಇಂಚು ಮೇಲಿರಲಿ, ನೆಲ ಒರೆಸುವ ನೀರು ತಾಗಬಾರದು. ನಡುವಿನದು ಹತ್ತೊಂಬತ್ತು ಇಂಚಿನಲ್ಲಿ, ಎಲ್‌ಪಿಯನ್ನು ಬೆರಳು ಹಾಕಿ ಎಳೆಯಲು ಅಷ್ಟು ಬೇಕು. ಮೇಲಿನದು ತುದಿಯಲ್ಲಿ. ಬೋಲ್ಟುಗಳನ್ನು ಮೊದಲು ಸಡಿಲವಾಗಿ ಹಾಕಿ, ರ್ಯಾಕನ್ನು ಸಮನೆಲದಲ್ಲಿ ನಿಲ್ಲಿಸಿ ನೇರ ಮಾಡಿಕೊಂಡು ಆಮೇಲೆ ಬಿಗಿಯಿರಿ. ತ್ರಿಕೋನದ ಪಟ್ಟಿಗಳನ್ನು ಮೇಲಿನ ಮತ್ತು ಕೆಳಗಿನ ತಟ್ಟೆಯ ಎಲ್ಲ ಮೂಲೆಗಳಿಗೂ ಹಾಕಿ. ಅವಿಲ್ಲದಿದ್ದರೆ ಎಷ್ಟು ಬಿಗಿದರೂ ರ್ಯಾಕ್ ಪಕ್ಕಕ್ಕೆ ವಾಲುತ್ತದೆ.

ಬರಿಯ ತಗಡಿಗೆ ಒಂದು ದೋಷವಿದೆ, ಅದು ದನಿಗೂಡಿಸುತ್ತದೆ. ಜೋಡಿಸಿದ ದಿನ ಬೆರಳ ಗೆಣ್ಣಿನಿಂದ ತಟ್ಟಿ ನೋಡಿದೆ, ದೇವಸ್ಥಾನದ ಜಾಗಟೆಯಂತೆ ‘ಠಣ್’ ಎಂದು ಎಳೆದು ಮೊಳಗಿತು. ಸೈಕಲ್ ಅಂಗಡಿಯಿಂದ ಹಳೆಯ ಟ್ಯೂಬೊಂದನ್ನು ತಂದು, ಸೀಳಿ, ಎರಡು ಬೆರಳಗಲದ ಪಟ್ಟಿಗಳನ್ನು ತಟ್ಟೆಯ ಮೇಲೆ ಸಾಲಾಗಿ ಹಾಸಿ, ಅದರ ಮೇಲೆ 18 ಮಿಲಿಮೀಟರಿನ ಪ್ಲೈವುಡ್ ಇಟ್ಟೆ. ಮತ್ತೆ ತಟ್ಟಿದಾಗ ಬಂದದ್ದು ‘ಧಪ್’ ಎಂಬ ಒಂದೇ ಮೊಂಡು ಸದ್ದು. ಹಾಡು ಕೇಳುವಾಗಲೂ ಈ ವ್ಯತ್ಯಾಸ ತಿಳಿಯುತ್ತದೆ, ಮೃದಂಗದ ಎಡದ ಗುಮುಕಿಯ ಹಿಂದೆ ಬರುತ್ತಿದ್ದ ಗದ್ದಲ ನನ್ನಲ್ಲಿ ಅಂದಿಗೆ ನಿಂತಿತು. ಎಂಟು ಅಡಿಗೆ ನಾಲ್ಕು ಅಡಿಯ ಒಂದು ಶೀಟಿನಲ್ಲಿ ಮೇಲಿನ ಮತ್ತು ನಡುವಿನ ನಾಲ್ಕು ಹಲಗೆಗಳು ಆಗಿ, ಉಳಿದ ತುಂಡುಗಳಲ್ಲಿ ಎಲ್‌ಪಿಗಳ ನಡುವೆ ನಿಲ್ಲಿಸುವ ಅಡ್ಡಹಲಗೆಗಳೂ ಆಗುತ್ತವೆ. ತೇವ ತಡೆಯುವ ಬಿ.ಡಬ್ಲ್ಯು.ಆರ್. ದರ್ಜೆಯದೇ ಬೇಕು. ಕೊಯ್ದ ಅಂಚುಗಳಿಗೆ ಎರಡು ಕೋಟು ವಾರ್ನಿಶ್ ಕೊಡಿ, ನೀರು ಹೀರುವುದು ಅಂಚಿನಿಂದಲೇ.

ಊರಿನ ಮನೆಯಲ್ಲಿ ಹಲಸಿನದೋ ಹೆಬ್ಬಲಸಿನದೋ ಒಣಗಿದ ಹಲಗೆ ಅಟ್ಟದಲ್ಲಿದ್ದರೆ ಪ್ಲೈವುಡ್ಡಿನ ಹಣವೂ ಉಳಿಯಿತು. ಆಚಾರಿಗಳಿಂದ ಒಮ್ಮೆ ಕೀಸಿಸಿದರೆ ಸಾಕು, ಅದಕ್ಕಿಂತ ಚೆನ್ನಾದದ್ದು ಇಲ್ಲ. ಸಂಸ್ಕರಿಸದ ರಬ್ಬರ್ ಮರ ಮಾತ್ರ ಬೇಡ, ಅದಕ್ಕೆ ಬಹಳ ಬೇಗ ಹುಳ ಹಿಡಿಯುತ್ತದೆ.

ಜೋಡಣೆ ಹೀಗಿರಲಿ. ಎಡದ ರ್ಯಾಕಿನ ಮೇಲೆ ಟರ್ನ್‌ಟೇಬಲ್, ಅದರ ಕೆಳಗೆ ಸಿ.ಡಿ. ಪ್ಲೇಯರ್. ಬಲದ ರ್ಯಾಕಿನ ಮೇಲೆ ಆಂಪ್ಲಿಫೈಯರ್, ಅದರ ಕೆಳಗೆ ಡೆಕ್ ಮತ್ತು ಕ್ಯಾಸೆಟ್ಟುಗಳು. ಎರಡರ ಬುಡದಲ್ಲೂ ನೂರು ನೂರು ಎಲ್‌ಪಿ. ಆಂಪ್ಲಿಫೈಯರಿನ ಬಿಸಿ ಮೇಲಕ್ಕೆ ಹೋಗಬೇಕು, ಅದರ ನೆತ್ತಿಯ ಮೇಲೆ ಏನನ್ನೂ ಇಡಬಾರದು. ಅದರ ಟ್ರಾನ್ಸ್‌ಫಾರ್ಮರಿನ ಪಕ್ಕದಲ್ಲಿ ಟರ್ನ್‌ಟೇಬಲ್ ಇದ್ದರೆ ಮುಳ್ಳನ್ನು ಹಿಡಿದಿರುವ ಕಾರ್ಟ್ರಿಜ್ಜು ಆ ಗುಂಯ್‌ಗುಡುವಿಕೆಯನ್ನು ಎಳೆದುಕೊಳ್ಳುತ್ತದೆ, ಆದ್ದರಿಂದ ಎರಡರ ನಡುವೆ ಒಂದು ಅಡಿಯಾದರೂ ಇರಲಿ. ಟರ್ನ್‌ಟೇಬಲ್ಲಿನ ಅಡಿಗೆ ಗ್ರಾನೈಟ್ ಅಂಗಡಿಯಲ್ಲಿ ಉಳಿದ ಒಂದು ತುಂಡನ್ನೋ ಕಡಪ ಕಲ್ಲನ್ನೋ ಕೇಳಿ ತನ್ನಿ, ಮೂಲೆಗಳಲ್ಲಿ ರಬ್ಬರ್ ಇಟ್ಟು ಅದರ ಮೇಲೆ ಕೂರಿಸಿ. ಸ್ಪೀಕರುಗಳನ್ನು ಎಂದಿಗೂ ಈ ರ್ಯಾಕುಗಳ ಮೇಲೆ ಇಡಬೇಡಿ. ಅವುಗಳ ನಡುಕ ಮುಳ್ಳಿಗೆ ತಲುಪಿ, ಮುಳ್ಳಿನಿಂದ ಮತ್ತೆ ಸ್ಪೀಕರಿಗೆ ಬಂದು ಊಳಿಡುತ್ತದೆ. ಸ್ಪೀಕರು ಚಿಕ್ಕದಾದರೆ ಮೂರು ಹಾಲೋ ಬ್ಲಾಕುಗಳನ್ನು ಮಲಗಿಸಿ ಒಂದರ ಮೇಲೊಂದು ಇಟ್ಟರೆ ಎರಡಡಿಯ ಕಟ್ಟೆಯಾಗುತ್ತದೆ, ಕುರ್ಚಿಯಲ್ಲಿ ಕುಳಿತವರ ಕಿವಿಯ ಮಟ್ಟಕ್ಕೆ ಟ್ವೀಟರ್ (ಸ್ಪೀಕರಿನಲ್ಲಿ ತಾರಸ್ವರ ನುಡಿಸುವ ಭಾಗ) ಹತ್ತಿರ ಬರುತ್ತದೆ. ಮುರಕಲ್ಲಿನಲ್ಲೂ ಇದನ್ನು ಮಾಡಬಹುದು ಎನ್ನುವವರಿದ್ದಾರೆ. ಅದರ ಕೆಂಪು ಹುಡಿ ಎಲ್‌ಪಿಯ ಗೀರುಗಳಿಗೆ ಇಳಿದರೆ ತೆಗೆಯುವುದು ಕಷ್ಟ, ಆದ್ದರಿಂದ ನಾನು ಒಪ್ಪುವುದಿಲ್ಲ.

ಎಲ್‌ಪಿಗಳು ನೇರವಾಗಿ ನಿಲ್ಲಬೇಕು. ಒಂದರ ಮೇಲೊಂದು ಅಡ್ಡ ಮಲಗಿಸಿದರೂ ಓರೆಯಾಗಿ ಒರಗಿಸಿದರೂ ನಮ್ಮ ಏಪ್ರಿಲ್ ಸೆಕೆಗೆ ಬಾಗುತ್ತವೆ. ಅಡಿಗೊಂದು ಅಡ್ಡಹಲಗೆ ಇದ್ದರೆ ಸಾಕು.

ಕ್ಯಾಸೆಟ್ಟುಗಳ ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕೆನಿಸುತ್ತದೆ. ಹಾಡಿನ ಎಲ್‌ಪಿ ಹಾಳಾದರೆ ಇನ್ನೊಂದು ಎಲ್ಲಿಯಾದರೂ ಸಿಕ್ಕೀತು. ಒಂದು ರಾತ್ರಿ ಯಾವುದೋ ಚಾವಡಿಯಲ್ಲಿ ನಡೆದ ಕೂಟದಲ್ಲಿ ಶೇಣಿ ಗೋಪಾಲಕೃಷ್ಣ ಭಟ್ಟರಂಥ ಹೆಸರಾಂತ ಅರ್ಥಧಾರಿಗಳು ಹೇಳಿದ ಅರ್ಥವನ್ನು (ಪಾತ್ರದ ಮಾತನ್ನು) ನಿಮ್ಮ ತಂದೆಯವರು ತಾವೇ ರೆಕಾರ್ಡ್ ಮಾಡಿದ್ದರೆ, ಅದರ ಇನ್ನೊಂದು ಪ್ರತಿ ಲೋಕದಲ್ಲಿ ಇರಲಿಕ್ಕಿಲ್ಲ. ಡೆಕ್ಕಿನ ಪಕ್ಕ ಉಳಿಯುವ ಒಂದೂವರೆ ಅಡಿ ಜಾಗದಲ್ಲಿ, ಡಬ್ಬಿಯ ಬೆನ್ನು ಕಾಣುವಂತೆ ಮೂರು ಅಂತಸ್ತಿನ ಸಣ್ಣ ಚೌಕಟ್ಟು ಮಾಡಿಸಿದರೆ ಸುಮಾರು 75 ಕ್ಯಾಸೆಟ್ ಹಿಡಿಯುತ್ತವೆ. ಟೇಪನ್ನು ಪೂರ್ತಿ ಒಂದು ಕಡೆಗೆ ಸುತ್ತಿ ಇಡಿ. ಸ್ಪೀಕರಿನ ಅಯಸ್ಕಾಂತದಿಂದ ದೂರವಿರಲಿ. ಗಾಜಿನ ಬಾಗಿಲು ಬೇಡವೆಂದು ಮೇಲೆ ಹೇಳಿದ್ದು ಮುಖ್ಯವಾಗಿ ಇವುಗಳಿಗಾಗಿ. ಮುಚ್ಚಿದ ಕಪಾಟಿನಲ್ಲಿ ತೇವ ಸಿಕ್ಕಿಕೊಂಡು ಟೇಪಿನ ಅಂಚಿಗೆ ಬಿಳಿಯ ಬೂಸು ಹಿಡಿಯುತ್ತದೆ, ಹಾಗೆಯೇ ಓಡಿಸಿದರೆ ಆ ಬೂಸು ಡೆಕ್ಕಿನ ಹೆಡ್ಡಿಗೆ, ಅಲ್ಲಿಂದ ಮುಂದಿನ ಕ್ಯಾಸೆಟ್ಟಿಗೆ ಹಬ್ಬುತ್ತದೆ. ಗಾಳಿಯಾಡುವ ತೆರೆದ ರ್ಯಾಕಿನಲ್ಲಿ ಧೂಳು ಕೂರುತ್ತದೆ ನಿಜ, ಅದಕ್ಕೆ ಹಳೆಯ ಹತ್ತಿಯ ಪಂಚೆಯೊಂದನ್ನು ಇಳಿಬಿಟ್ಟರೆ ಆಯಿತು.

ರ್ಯಾಕನ್ನು ಪಡುವಣದ ಹೊರಗೋಡೆಗೆ ಇಡಬೇಡಿ, ಮಳೆ ಬಡಿಯುವುದು ಆ ಕಡೆಯಿಂದ. ಒಳಗಿನ ಗೋಡೆಯ ಬಳಿ, ಒಂದು ಗೇಣು ಬಿಟ್ಟು ಇಡಿ. ಆ ಗೇಣಿನ ಜಾಗದಿಂದ ಮೂರು ಅನುಕೂಲಗಳಿವೆ. ಗಾಳಿ ಆಡುತ್ತದೆ, ಗೆದ್ದಲು ಗೋಡೆಯಲ್ಲಿ ಮಣ್ಣಿನ ಸಾಲು ಕಟ್ಟಿ ಏರಿದರೆ ಕಣ್ಣಿಗೆ ಬೀಳುತ್ತದೆ, ಸಿಡಿಲು ಶುರುವಾದಾಗ ಕೈ ಹಾಕಿ ಪ್ಲಗ್ಗು ಕಿತ್ತುಬಿಡಬಹುದು. ಏಪ್ರಿಲ್-ಮೇ ತಿಂಗಳ ಸಂಜೆಗಳಲ್ಲೂ ತುಲಾ ಮಾಸದ (ಅಕ್ಟೋಬರ್-ನವೆಂಬರ್) ಮಳೆಯಲ್ಲೂ ನಮ್ಮಲ್ಲಿ ಸಿಡಿಲಿನ ಹೊಡೆತ ಎಷ್ಟೆಂಬುದು ನಿಮಗೆ ಗೊತ್ತೇ ಇದೆ. ಸ್ವಿಚ್ಚು ಆರಿಸಿದರೆ ಸಾಲದು, ಪ್ಲಗ್ಗನ್ನೂ, ಆಂಟೆನಾ ಇದ್ದರೆ ಅದರ ವಯರನ್ನೂ ಕಳಚಬೇಕು. ಇದಕ್ಕಾಗಿ ಎಲ್ಲ ಯಂತ್ರಗಳ ಕರೆಂಟನ್ನು ಮೂರು ಪಿನ್ನಿನ ಒಂದೇ ಪ್ಲಗ್ಗಿನ ಎಕ್ಸ್‌ಟೆನ್ಶನ್ ಬೋರ್ಡಿಗೆ ತಂದು, ಬೋರ್ಡನ್ನು ರ್ಯಾಕಿನ ಕಾಲಿನ ತೂತುಗಳಿಗೆ ಪ್ಲಾಸ್ಟಿಕ್ ಟೈಯಿಂದ ಕಟ್ಟಿದರೆ ಸುಲಭ. ವಯರುಗಳು ತಗಡಿನ ಅಂಚಿಗೆ ಉಜ್ಜುವಲ್ಲಿ ಟ್ಯೂಬಿನ ಒಂದು ತುಂಡು ಸುತ್ತಿ, ಅಂಚು ಹರಿತವಾಗಿರುತ್ತದೆ.

ಮನೆ ಬದಲಿಸುವಾಗ ಬೋಲ್ಟು ಕಳಚಿದರೆ ಎಲ್ಲವೂ ಒಂದು ಆಟೋರಿಕ್ಷಾದಲ್ಲಿ ಹೋಗುತ್ತದೆ. ಖರೀದಿಸುವ ಮೊದಲು ನಿಮ್ಮ ಆಂಪ್ಲಿಫೈಯರಿನ ಅಗಲ, ಆಳ, ಎತ್ತರವನ್ನು ಇಲ್ಲಿ ಬರೆಯಿರಿ, ತಟ್ಟೆಗಳನ್ನು ಎಷ್ಟೆಷ್ಟು ಎತ್ತರದಲ್ಲಿ ಕೂರಿಸಬೇಕೆಂದು ಲೆಕ್ಕ ಹಾಕಿ ಹೇಳುತ್ತೇನೆ.